ಕಣ್ಣು ಬರೆಯುವವಳು

ಕುಂಚ ಮತ್ತೆ ಒಣಗಿತು, ತುದಿಯನ್ನು ತುಟಿಗೆ ತಾಗಿಸಿದೆ, ಮಸಿಯ ಕಹಿ, ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾಲಿಗೆಗೆ ಅಂಟಿದ ಕಹಿ, ಮೊದಮೊದಲು ಅತ್ತೆ ಮೂಗು ಮುರಿದರು, ಸತ್ತೋರ ಮಸಿ ನೆಕ್ತಾಳಲ್ಲಪ್ಪ ಈ ಹುಡ್ಗಿ, ಆಮೇಲೆ ಒಲೆ ಉರಿಯುವುದೇ ಆ ಮಸಿಯಿಂದ ಎಂದು ತಿಳಿದ ಮೇಲೆ ಮೂಗು ತಾನಾಗಿ ನೆಟ್ಟಗಾಯಿತು, ಇವತ್ತು ಮಾತ್ರ ಕಹಿ ಗಂಟಲಿಗೆ ಇಳಿಯುತ್ತಿದೆ, ಉಗುಳಬೇಕು, ಏಳಬೇಕು, ಬೇಡ, ಎದ್ದರೆ ಮತ್ತೆ ಕೂರುವುದಿಲ್ಲ, ಬೆಳಗಿನಿಂದ ಇದೇ ಆಯಿತು, ನೀರು ಕುಡಿಯಲು ಎದ್ದೆ, ಪರದೆ ಸರಿಸಲು ಎದ್ದೆ, ಸರಿಸಿದ್ದನ್ನು ಎಳೆಯಲು ಎದ್ದೆ, ಕಿಟಕಿಯಾಚೆ ಮಧುಗಿರಿಯ ಬಂಡೆ ಊರಗಲ ಕೂತಿದೆ, ಅದಕ್ಕೇನಂತೆ, ಕೂರುವುದೊಂದೇ ಕೆಲಸ, ನನಗೆ ಹಾಗಲ್ಲ, ನನ್ನೆದುರು ಮೇಜಿನ ಮೇಲೆ ಮಗಳು ಕೂತಿದ್ದಾಳೆ, ಜಗದಾಂಬ, ನನ್ನ ಜಗ್ಗಿ, ಪಟದಲ್ಲಿ, ಹಣೆತುಂಬ ವಿಭೂತಿ, ಕೊರಳಲ್ಲಿ ಹೂವಿನ ಸರ, ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಿದ್ದಾರೆ, ಕಣ್ಣು ಮುಚ್ಚಿದೆ, ಸಂಜೆಯೊಳಗೆ ಅದನ್ನು ನಾನು ತೆರೆಯಬೇಕು. ಶಿವರುದ್ರಮ್ಮಾ, ಮುಗೀತೇನಮ್ಮ — ಅಡುಗೆಮನೆಯಿಂದ ಅತ್ತೆ ಕರಿಬಸಮ್ಮನ ದನಿ — ಪೂಜೆಗೆ ನಂದೀಶ್ವರಯ್ಯನೋರು ಬರೋ ಹೊತ್ತಾಯ್ತು, ಪಟ ಗೋಡೆ ಮ್ಯಾಲಿರ್ಬೇಕು, ಕಣ್ಮುಚ್ಕಂಡಿರೋ ಮಗೀಗೆ ಆರತಿ ಹೆಂಗೆತ್ತೋದು, ಅದ್ಕೆ ಮನೆ ಕಾಣ್ಬ್ಯಾಡ್ವಾ ಕಣಮ್ಮ. ಆಯ್ತು ಅತ್ತೆ ಎಂದೆ, ಇನ್ನೇನು ಆಯ್ತು ಎಂದೆ, ಏನೂ ಆಗಿಲ್ಲ.

ಊರವರ ಕಣ್ಣನ್ನೆಲ್ಲ ತೆರೆದವಳು ನಾನು, ಇದೊಂದು ಆಗುತ್ತಿಲ್ಲ. ನಮ್ಮ ಕಡೆ ಬದುಕಿದ್ದಾಗ ಫೋಟೋ ತೆಗೆಸುವವರು ಕಮ್ಮಿ, ಆಯಸ್ಸು ಸವೆಯುತ್ತದಂತೆ, ಸತ್ತವರಿಗೆ ಆ ಹೆದರಿಕೆ ಎಲ್ಲಿಯದು, ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದೂ ಇಲ್ಲ, ಕೂರಿಸುತ್ತೇವೆ, ಕೂತೇ ಸಮಾಧಿಗೆ ಇಳಿಯಬೇಕು, ಹಾಗೆ ಕೂತವರೆದುರು ನನ್ನ ಗಂಡ ವೃಷಭೇಂದ್ರಪ್ಪ ಕ್ಯಾಮೆರಾ ನಿಲ್ಲಿಸಿ ಕರಿ ಬಟ್ಟೆಯೊಳಗೆ ತಲೆ ತೂರಿಸುತ್ತಾರೆ, ಅಳುವವರು ಆ ಗಳಿಗೆ ಅಳು ನಿಲ್ಲಿಸುತ್ತಾರೆ, ಯಾಕೋ, ಯಾರೂ ಹೇಳಿಕೊಟ್ಟದ್ದಲ್ಲ, ಆಮೇಲೆ ಕಾಗದಕ್ಕೆ ಇಳಿದ ಮುಖ ನನ್ನ ಮೇಜಿಗೆ ಬರುತ್ತದೆ, ತಲೆ ಬೀಳದಂತೆ ಮೊಳೆಗೆ ಕಟ್ಟಿದ ಬಟ್ಟೆಯನ್ನು ಅಳಿಸು, ಕುಳಿ ಬಿದ್ದ ಕೆನ್ನೆ ತುಂಬು, ಕಡೆಗೆ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆ. ಅಂಗಡಿಯ ಬಾಗಿಲಲ್ಲಿ ಕೇಳುವುದೇ ಹಾಗೆ, ಅಮ್ನೋರು ಕಣ್ ಬುಡುಸ್ತಾರಾ, ಪಾವಗಡದ ಕಡೆಯವರಾದರೆ ತೆಲುಗಿನಲ್ಲಿ ಕಂಡ್ಲು ತೆರಿಪಿಸ್ತಾರಾ ಅಮ್ಮಾ, ಬಿಡಿಸುತ್ತೇನಪ್ಪ, ಎಲ್ಲರಿಗೂ ಬಿಡಿಸಿದ್ದೇನೆ. ಬರೆಯುವಾಗ ಉಸಿರು ತಾನಾಗಿ ಸಣ್ಣಗಾಗುತ್ತಿತ್ತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ರೆಪ್ಪೆ ಬಡಿಯದೆ ನೋಡು ಮಗಳೇ ಎಂದು ಸಣ್ಣವಳಿದ್ದಾಗ ಗುರುಗಳು ಹೇಳಿಕೊಟ್ಟಿದ್ದರು, ಪೂಜೆಗೆ ಕೂತರೆ ನನ್ನ ಮನಸ್ಸು ಒಲೆಯ ಮೇಲಿನ ಹಾಲಿಗೆ, ಹಿತ್ತಿಲ ಎಮ್ಮೆಗೆ, ಯಾರದೋ ಮಾತಿಗೆ, ನಿಲ್ಲುತ್ತಿದ್ದದ್ದು ಇಲ್ಲಿ ಮಾತ್ರ, ಈ ಮೇಜಿನಲ್ಲಿ, ಒಂದು ಕಣ್ಣಿನ ಮೇಲೆ. ಅಪ್ಪ ಹೋದಾಗಲೂ ಇಲ್ಲೇ ಕೂತು ಅಪ್ಪನ ಕಣ್ಣು ತೆರೆದೆ, ಅಳುತ್ತ ಶುರು ಮಾಡಿದೆ, ಮುಗಿಯುವ ಹೊತ್ತಿಗೆ ಎದೆ ಹಗುರಾಗಿತ್ತು, ಎದ್ದುಹೋಗಿ ಮುದ್ದೆ ಉಂಡೆ. ಅದನ್ನು ನೆನೆಸಿಕೊಂಡೇ ಇವರು ಈ ಪಟವನ್ನು ನನ್ನ ಮುಂದೆ ತಂದಿಟ್ಟರು, ಬರಿ ಶಿವರುದ್ರೀ, ಬರುದ್ರೆ ಹಗುರಾಗ್ತೀಯ, ಬೇರೆ ಯಾರ್ ಕೈಲೂ ಬರೆಸಲ್ಲ ನಾನು. ಇಟ್ಟುಬಿಟ್ಟು ಕತ್ತಲಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು, ತೊಳೆಯಲು ಒಂದು ಫೋಟೋ ಪ್ಲೇಟೂ ಇಲ್ಲದ ದಿನ.

ಬದುಕಿದ್ದ ಜಗ್ಗಿಯ ಪಟ ಒಂದೂ ಇಲ್ಲ, ಫೋಟೋದವನ ಮಗಳು, ನಗಬೇಕೋ ಅಳಬೇಕೋ, ಎಷ್ಟು ಸಲ ಸ್ಟೂಲಿನ ಮೇಲೆ ಕೂರಿಸಲಿಲ್ಲ, ಅಲುಗಾಡಬ್ಯಾಡ ಕಣೇ ಅನ್ನುವುದರೊಳಗೆ ಅಪ್ಪನ ತಲೆ ಕರಿ ಬಟ್ಟೆಯೊಳಗೆ ಹೋಗುತ್ತಿತ್ತು, ಅಪ್ಪನ ತಲೆ ಎಲ್ಲೋಯ್ತು ಎಂದು ಇವಳು ಇಳಿದು ಓಡುತ್ತಿದ್ದಳು, ಬಟ್ಟೆ ಎತ್ತಿ ಇಣುಕುತ್ತಿದ್ದಳು, ಪ್ಲೇಟಿನಲ್ಲಿ ಸ್ಟೂಲು ಬಂತು, ಹಿಂದಿನ ಪರದೆಯ ನವಿಲು ಬಂತು, ಮಗಳು ಮಾತ್ರ ಬೆಳ್ಳಗೆ ಹೊಗೆ, ಮುಂದಿನ ವರ್ಷ ತೆಗೆದರಾಯಿತು, ಸ್ವಲ್ಪ ಬುದ್ಧಿ ಬರಲಿ, ಎಲ್ಲಿ ಹೋಗುತ್ತಾಳೆ. ಜ್ವರ ಬಂತು, ತಣ್ಣೀರು ಬಟ್ಟೆ ಹಾಕಿದೆ, ಇಳಿಯಿತು, ಏರಿತು, ಡಾಕ್ಟರು ಬಂದರು, ಹೋದರು, ಆಮೇಲೆ ಅವಳು ಅಲುಗಾಡದೆ ಕೂತಳು, ಮೊದಲ ಸಲ, ಹೇಳಿದ ಮಾತು ಕೇಳಿದಳು, ಇವರು ಬಟ್ಟೆಯೊಳಗೆ ತಲೆ ಹಾಕಿ ಎಷ್ಟು ಹೊತ್ತಾದರೂ ಹೊರಗೆ ತೆಗೆಯಲಿಲ್ಲ, ಬೆನ್ನು ಕುಲುಕುತ್ತಿತ್ತು, ನಾನು ನೋಡುತ್ತ ನಿಂತಿದ್ದೆ, ಪಟ ಎಷ್ಟು ಚೆನ್ನಾಗಿ ಬಂದಿದೆ ನೋಡಿ, ಒಂದೊಂದು ರೆಪ್ಪೆಗೂದಲನ್ನೂ ಎಣಿಸಬಹುದು, ಹಾಳಾಗಿ ಹೋಗಲಿ. ಆದರೆ ಆ ರೆಪ್ಪೆಯ ಕೆಳಗೆ ಏನಿತ್ತು, ನನಗೆ ನೆನಪಾಗುತ್ತಿಲ್ಲ, ಹೆತ್ತವಳಿಗೆ ನೆನಪಾಗುತ್ತಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ, ನಗು ನೆನಪಿದೆ, ಮುಂಗೈಯ ಸುಟ್ಟ ಕಲೆ ನೆನಪಿದೆ, ಎಣ್ಣೆ ಹಚ್ಚಿದ ತಲೆಯ ವಾಸನೆ ಈಗಲೂ ಮೂಗಿನಲ್ಲಿದೆ, ಕಣ್ಣು ಎಂದ ಕೂಡಲೇ ಜಾರಿ ಹೋಗುತ್ತದೆ. ಅವ್ವನ ಕಣ್ಣೇ ಮಗಳಿಗೆ ಅನ್ನುತ್ತಿದ್ದರು, ಕನ್ನಡಿ ಹಿಡಿದೆ, ಅತ್ತು ಊದಿದ ಎರಡು ಗಡ್ಡೆ ಕಂಡವು, ಅದನ್ನು ಮಗುವಿಗೆ ಹೇಗೆ ಕೊಡಲಿ. ನಿನ್ನೆ ಒಂದು ಪಟಕ್ಕೆ ಬರೆದೂ ಬರೆದೆ, ದೊಡ್ಡ ಕಣ್ಣು, ಅಂದದ ಕಣ್ಣು, ಕ್ಯಾಲೆಂಡರಿನ ಪಾರ್ವತಿಯ ಕಣ್ಣು, ಚೆನ್ನಾಗೈತೆ ಕಣಮ್ಮ ಎಂದರು ಅತ್ತೆ, ಇವರು ನೋಡಿದವರೇ ಹೊರಗೆ ಹೋದರು, ನಾನು ಹರಿದು ಒಲೆಗೆ ಹಾಕಿದೆ. ಯುದ್ಧ ಶುರುವಾದ ಮೇಲೆ ಬೆಂಗಳೂರಿನಿಂದ ಫೋಟೋ ಕಾಗದವೇ ಬರುತ್ತಿಲ್ಲ, ಈಗ ನನ್ನ ಮುಂದಿರುವುದು ಪೆಟ್ಟಿಗೆಯ ಕೊನೆಯ ಹಾಳೆ, ಇದೂ ಕೆಟ್ಟರೆ ಅತ್ತೆ ಏನೆನ್ನುತ್ತಾರೋ ಬಿಡು, ಇವರ ಮುಖ ಹೇಗೆ ನೋಡಲಿ.

ಮನಸ್ಸಿನಿಂದ ಬರೆದರೆ ಬೊಂಬೆ ಕಣ್ಣೇ ಬರುವುದು, ಅದು ನನಗೆ ಗೊತ್ತಿಲ್ಲವೇ, ನಾನು ಯಾವತ್ತೂ ಮನಸ್ಸಿನಿಂದ ಬರೆದವಳಲ್ಲ, ನೋಡಿಕೊಂಡು ಬರೆದವಳು, ಜೀವ ಇರುವ ಕಣ್ಣು ಎದುರಿಗಿರಬೇಕು, ಬೆಳಕು ಅದರೊಳಗೆ ಎಲ್ಲಿ ಕೂರುತ್ತದೆ, ರೆಪ್ಪೆಯ ನೆರಳು ಎಲ್ಲಿಗೆ ಬೀಳುತ್ತದೆ, ನೋಡದೆ ಹೇಗೆ ಗೊತ್ತಾಗಬೇಕು, ಮೊದಲೆಲ್ಲ ಅತ್ತೆಯನ್ನು ಕೂರಿಸುತ್ತಿದ್ದೆ, ಅವರ ಕಣ್ಣಿಗೆ ಪೊರೆ ಬಂತು, ಆಮೇಲೆ ಜಗ್ಗೀ ಬಾರೇ ಇಲ್ಲಿ, ಬೆಲ್ಲದ ಚೂರು ಕೊಟ್ಟರೆ ಬಂದು ನಿಲ್ಲುತ್ತಿದ್ದಳು, ನಾನು ಕೂತ ಈ ಎತ್ತರದ ಸ್ಟೂಲಿನ ಪಕ್ಕಕ್ಕೆ, ನನ್ನ ಮೊಣಕಾಲಿಗೆ ಆತುಕೊಂಡು, ಅಪ್ಪನಿಗೆ ನಿಲ್ಲದವಳು ನನಗೆ ನಿಲ್ಲುತ್ತಿದ್ದಳು, ನನ್ನನ್ನೇ ನೋಡು, ರೆಪ್ಪೆ ಬಡೀಬೇಡ, ಬಾಯಿತುಂಬ ಬೆಲ್ಲ, ಯಾರ್ಗವ್ವಾ ಇವತ್ತು, ಮರುಳಸಿದ್ದಯ್ಯನೋರಿಗೆ ಕಣೇ, ಆ ಬೆಲ್ಲದ ಮಂಡಿ ತಾತಂಗಾ, ನನ್ ಕಣ್ಣು ತಾತಂಗೆ ಕೊಟ್ರೆ ನಂಗ್ಯಾವ್ದವ್ವಾ, ನಿಂಗೆ ನಿಂದು ಇದ್ದೇ ಇರ್ತದಲ್ಲ ಪೆದ್ದಿ — ಕುಂಚ ಕೆಳಗೆ ಬಿತ್ತು, ಬಿದ್ದರೆ ಬೀಳಲಿ, ಎದ್ದೆ, ಅಯ್ಯೋ ಶಿವನೇ, ಹೌದಲ್ಲ, ಅವಳದೇ, ಎಲ್ಲರಿಗೂ ಕೊಟ್ಟದ್ದು ಅವಳದೇ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದರು ಎನ್ನುತ್ತಾರೆ, ನನ್ನದು ಅದಕ್ಕಿಂತ ಕಡೆ, ಬೆಣ್ಣೆಯನ್ನು ಊರಿಗೆಲ್ಲ ಹಂಚಿ ಮನೆಯಲ್ಲಿ ಕೂತು ಹುಡುಕುತ್ತಿದ್ದೇನೆ. ಚಪ್ಪಲಿ ಎಲ್ಲಿ, ಬೇಡ, ಸೆರಗು ಎಳೆದುಕೊಂಡೆ, ಎಲ್ಗಮ್ಮ ಈ ಬಿಸ್ಲಲ್ಲಿ, ಪಟ ಮುಗೀತಾ, ಅತ್ತೆ ಬಾಗಿಲಿಗೆ ಬಂದರು, ಸೌಟು ಕೈಯಲ್ಲಿ, ಬಂದೆ ಅತ್ತೆ, ಮಂಡಿಯೋರ ಮನೆಗೆ ಹೋಗಿ ಬಂದ್ಬುಟ್ಟೆ, ಸಾವಿನ ಮನೆಯೋಳು ಇನ್ನೊಬ್ರ ಮನೆ ಮೆಟ್ಲು ತುಳೀಬಾರ್ದು ಕಣಮ್ಮ, ತುಳಿಯುತ್ತೇನೆ, ತುಳಿದೆ.

ಪೇಟೆಬೀದಿಯ ಮಣ್ಣು ಕಾದಿದೆ, ಅಂಗಾಲು ಸುಡುತ್ತಿದೆ, ಸುಡಲಿ, ಇದ್ದಿಲಿನಲ್ಲಿ ಓಡುವ ಬಸ್ಸು ಕೊರಟಗೆರೆ ಕೊರಟಗೆರೆ ಎಂದು ಕೂಗಿಸಿಕೊಂಡು ಹೊಗೆ ಬಿಡುತ್ತ ನಿಂತಿದೆ, ಹತ್ತಿದರೆ ಹೊಳವನಹಳ್ಳಿಯ ಪಟೇಲರ ಮನೆಗೂ ಹೋಗಬಹುದು, ಅಲ್ಲಿ ನಡುಮನೆಯ ಗೋಡೆಯ ಮೇಲೂ ಇದ್ದಾಳೆ, ಸಿರಾದ ಕಂಬಳಿ ವ್ಯಾಪಾರಿಯ ಅಂಗಡಿಯಲ್ಲಿದ್ದಾಳೆ, ನಾಗಲಮಡಿಕೆಯಲ್ಲಿ ಒಬ್ಬ ಬಾಣಂತಿಯ ಮುಖದಲ್ಲಿದ್ದಾಳೆ, ಎಲ್ಲೆಲ್ಲಿಗೆ ಕಳಿಸಿದೆನೇ ನಿನ್ನನ್ನು, ಯಾರ್ಯಾರ ಮೀಸೆಯ ಮೇಲೆ, ಯಾರ್ಯಾರ ಮೂಗುತಿಯ ಮೇಲೆ, ನನಗೆ ನಗು ಬರುತ್ತಿದೆ, ಬೀದಿಯಲ್ಲಿ ನಗುತ್ತಿದ್ದೇನೆ, ಮಗಳು ಸತ್ತು ತಲೆ ಕೆಟ್ಟಿದೆ ಪಾಪ ಎನ್ನುತ್ತಾರೆ, ಅನ್ನಲಿ. ಅಲ್ಲಿ ಇಲ್ಲದಿದ್ದರೆ, ಮಸಿ ಮಾಸಿದ್ದರೆ, ಜಿರಳೆ ತಿಂದಿದ್ದರೆ, ನಾನು ಅವತ್ತು ಅವಸರದಲ್ಲಿ ಸುಮ್ಮನೆ ಎರಡು ಚುಕ್ಕೆ ಇಟ್ಟಿದ್ದರೆ, ಬೇಗ, ಮಂಡಿಯ ಬಾಗಿಲು, ಬೆಲ್ಲದ ವಾಸನೆ, ಒಳಗೆ ತಂಪು, ಕಣ್ಣಿಗೆ ಕತ್ತಲೆ ಕಟ್ಟಿತು. ಯಾರು, ಫೋಟೋದಮ್ನಾ, ಬಾ ಕಣಮ್ಮ ಬಾ, ಮರುಳಸಿದ್ದಯ್ಯನವರ ಹೆಂಡತಿ ಲಕ್ಕಮ್ಮ ಮೊರ ಕೆಳಗಿಟ್ಟು ಎದ್ದರು, ನಿನ್ನ ಮಗೀನ ಸುದ್ದಿ ಕೇಳಿ ಎದೆ ಒಡ್ದೋಯ್ತು, ಕುತ್ಕೋ, ನೀರ್ ಕುಡಿ. ಕೂರಲು ಬಂದಿಲ್ಲ ಲಕ್ಕಮ್ಮ, ಯಜಮಾನ್ರ ಪಟ ನೋಡ್ಬೇಕು. ನನ್ನ ಮುಖ ನೋಡಿದರು, ಯಾಕೆ ಏನು ಎಂದು ಕೇಳಲಿಲ್ಲ, ಪುಣ್ಯಾತ್ಗಿತ್ತಿ, ಗೋಡೆಯತ್ತ ಕೈ ಮಾಡಿದರು.

ಸೂರಿಗೆ ತಾಗುವಂತೆ ಹಾಕಿದ್ದಾರೆ, ಮರುಳಸಿದ್ದಯ್ಯನವರು ರುಮಾಲು ಸುತ್ತಿ, ಕೆನ್ನೆತುಂಬ ಗಲ್ಲಿಮೀಸೆ ಬಿಟ್ಟು, ಪದ್ಮಾಸನ ಹಾಕಿ ಕೂತಿದ್ದಾರೆ, ಬೆಲ್ಲದ ಅಚ್ಚಿನಲ್ಲಿ ಒಂದು ಇರುವೆ ಕಂಡರೆ ಆಳುಗಳ ಮೇಲೆ ಹಾರಾಡುತ್ತಿದ್ದ ಮುದುಕ, ಆ ಮೀಸೆಯ ಮೇಲೆ, ಆ ಮೂಗಿನ ಎರಡು ಕಡೆ — ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ಒಂದು ಎಳೆ ಕೆಳಗೆ, ಹೌದು, ಬಾಯಲ್ಲಿ ಬೆಲ್ಲ ಇಟ್ಟುಕೊಂಡು ನಗು ತಡೆಯುವಾಗ ಹಾಗಾಗುತ್ತಿತ್ತು, ಮರೆತೇ ಹೋಗಿತ್ತಲ್ಲ ನನಗೆ, ಕೈ ಮಾತ್ರ ಮರೆತಿರಲಿಲ್ಲ, ಕೈ ಬರೆದಿಟ್ಟಿತ್ತು. ಬದುಕಿದ್ದಾಗ ಒಂದಿನ ನಕ್ಕೋರಲ್ಲ ಕಣಮ್ಮ ನಮ್ಮೆಜಮಾನ್ರು, ಲಕ್ಕಮ್ಮ ಬೆನ್ನ ಹಿಂದೆ ಹೇಳುತ್ತಿದ್ದಾರೆ, ನೀನು ಕಣ್ ಬುಡುಸಿದ್ಮ್ಯಾಲೆ ನೋಡು, ಕಿಲಾಡಿ ಹುಡುಗ್ರಂಗೆ ಅವ್ರೆ, ದಿನಾ ಮಾತಾಡುಸ್ತೀನಿ ಬುಡು, ಇದ್ದಾಗ ಅಷ್ಟು ಮಾತಾಡಿರ್ನಿಲ್ಲ ನಾನು, ಬಂದೋರೆಲ್ಲ ಅಂತಾರೆ, ಹೆಂಗೆ ಮ್ಯಾಕ್ ನೋಡ್ತಾ ಅವ್ರೆ, ಶಿವನ್ನೇ ಕಂಡ್ಬುಟ್ಟವ್ರೆ ಅಂತ. ಮೇಲೆ, ಹೌದು ಮೇಲೆ ನೋಡುತ್ತಿವೆ, ನಾನು ಇಲ್ಲಿ ಕೆಳಗೆ ನಿಂತಿದ್ದೇನೆ, ನೋಟ ನನ್ನ ತಲೆಯ ಮೇಲಿಂದ ಹಾದು ಹೋಗುತ್ತಿದೆ, ಶಿವನನ್ನಲ್ಲ ಲಕ್ಕಮ್ಮ, ಶಿವನನ್ನಲ್ಲ, ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದವಳನ್ನು, ಕತ್ತು ಎತ್ತಿ, ಇನ್ನೆಷ್ಟು ಹೊತ್ತವ್ವಾ ಎಂದು, ಅವ್ವನನ್ನು ನೋಡಿದ್ದು ಅದು, ಎಲ್ಲ ಊರಿನ ಎಲ್ಲ ಗೋಡೆಯ ಮೇಲೂ ಅವಳು ಅವ್ವನನ್ನೇ ನೋಡುತ್ತಿದ್ದಾಳೆ, ನಾನು ಅಲ್ಲಿಲ್ಲ. ಮಣೆ ಕೊಡಿ, ಮಣೆ ಸಾಲದು, ಆ ಪೆಟ್ಟಿಗೆ, ಏನಮ್ಮ ನಿಂಗೇನಾಯ್ತು ಬೀಳ್ತೀಯ, ಬೀಳಲ್ಲ, ಲಕ್ಕಮ್ಮ ಪೆಟ್ಟಿಗೆ ಎಳೆದರು, ಅದರ ಮೇಲೆ ಮಣೆ ಇಟ್ಟರು, ನನ್ನ ಸೊಂಟ ಹಿಡಿದುಕೊಂಡರು, ಹತ್ತಿದೆ, ಗೋಡೆಗೆ ಕೈ ಊರಿದೆ, ಸೂರಿನ ಧೂಳು ಕೂದಲಿಗೆ, ಇನ್ನೂ ಮೇಲೆ, ತುದಿಗಾಲಲ್ಲಿ, ಹಾಗೇ ಬರೆಯುತ್ತೇನೆ ಮನೆಗೆ ಹೋಗಿ, ಹೀಗೇ, ಆದರೆ ಅತ್ತೆ ಏನಾದರೂ ಅನ್ನಲಿ, ನಂದೀಶ್ವರಯ್ಯನವರು ಏನಾದರೂ ಅನ್ನಲಿ, ಪಟ ಮೇಲೆ ಹಾಕಲು ಬಿಡುವುದಿಲ್ಲ, ಮೊಳೆ ಕೆಳಗೆ ಹೊಡೆಯಬೇಕು, ನನ್ನ ಮೇಜಿನ ಪಕ್ಕ, ಅವಳು ನಿಲ್ಲುತ್ತಿದ್ದಷ್ಟೇ ಎತ್ತರಕ್ಕೆ, ಆರತಿ ಎತ್ತುವವರು ಬಗ್ಗಿ ಎತ್ತಲಿ, ಇನ್ನೊಂದು ಚೂರು, ಇನ್ನೊಂದು — ನೋಟ ಸಿಕ್ಕಿತು, ಎಡರೆಪ್ಪೆ ಒಂದು ಎಳೆ ಕೆಳಗೆ, ಕಣ್ಣಿನೊಳಗೆ ನಮ್ಮ ಕಿಟಕಿಯ ಬಿಳಿ ಚೌಕ, ಚೌಕದ ಮುಂದೆ ಒಂದು ಸಣ್ಣ ಕಪ್ಪು ನೆರಳು, ತಲೆ, ಹೆಗಲು, ಬಗ್ಗಿ ಬರೆಯುತ್ತಿರುವ ಹೆಂಗಸು, ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ, ನಾನೇ, ಅವಳ ಕಣ್ಣಿನೊಳಗೆ ನಾನು —