ಗೋಡೆಯ ಬುಡದ ಗೆರೆ

ನಕ್ಷೆಯ ಮೂಲೆ ಗಾಳಿಗೆ ಪಟಪಟ ಎನ್ನುತ್ತಿದೆ, ಇಂಗ್ಲಿಷ್ ಮೇಜರ್ ಅದರ ಮೇಲೆ ಬೆತ್ತ ಇಟ್ಟ, ಸರಿಯಾಗಿ ಅಕ್ಕನ ಬಾವಿಯ ಮೇಲೆ, ಅವನಿಗೇನು ಗೊತ್ತು, ಕಾಗದದಲ್ಲಿ ಬಾವಿಯೆಂದರೆ ಒಂದು ಸೊನ್ನೆ, ನಾನೇ ಬರೆದ ಸೊನ್ನೆ — ಇಳಿಜಾರಿನ ಮೇಲಿನದು ಕೋಟೆಯ ಜಾಗ, ಸೈನ್ಯದ್ದು, ಕೆಳಗಿನದು ಸರ್ಕಾರದ್ದು, ಅಕ್ಕ ಚೆನ್ಸಾಳ ಗೇಣಿಯ ಹೊಲ, ನಡುವೆ ಕಲ್ಲುಗೋಡೆ, ಇಲ್ಲೇ ಫಿರಂಗಿ ಎಳೆಯುವ ರಸ್ತೆ ಬರಬೇಕು. ಮೂರು ವರ್ಷ ರಾಜಧಾನಿ ವಲೆಟ್ಟಾದ ಕಚೇರಿಯಲ್ಲಿ ಜಗಳ, ರಸ್ತೆ ನಿಮ್ಮ ಫಿರಂಗಿಗೆ, ಖರ್ಚೂ ನೀವೇ ಹಾಕ್ಕೊಳ್ಳಿ ಎಂದು ಸರ್ಕಾರದವರು, ನಿಮ್ಮ ಆಲೂಗಡ್ಡೆ ಗಾಡಿಗಳೇನು ಆಕಾಶದಲ್ಲಿ ಓಡ್ತವಾ ಎಂದು ಮೇಜರ್, ಕೊನೆಗೆ ರಾಜಿ, ಖರ್ಚು ಅರ್ಧರ್ಧ, ಜಾಗವೂ ಅರ್ಧರ್ಧ, ಗಡಿಗೆರೆಯಿಂದ ಆಚೆ ಎಂಟಡಿ, ಈಚೆ ಎಂಟಡಿ. ಆ ಗೆರೆ ಎಳೆಯುವುದಷ್ಟೇ ನನ್ನ ಕೆಲಸ, ವಿಸ್ತಿನ್, ಬೇಗ ಎಳೆದು ಕೊಡು ಮಾರಾಯ ಎಂದರು ಸರ್ಕಾರದ ಕಡೆಯ ನಮ್ಮ ಎಂಜಿನಿಯರ್, ಎಳೆದೆ, ಗೋಡೆಯ ಬುಡಕ್ಕೆ, ಕೆಳಗಿನ ಪಕ್ಕದಲ್ಲಿ, ಯೋಚಿಸಲೇ ಇಲ್ಲ, ಗೋಡೆ ಯಾವತ್ತೂ ಮೇಲಿನ ಹೊಲದವರದು, ಮಳೆಗೆ ಕುಸಿದರೆ ಅವರೇ ಕಟ್ಟಿಕೊಡಬೇಕು, ಅಪ್ಪ ಹೇಳಿದ್ದು ಹಾಗೆ, ಊರೆಲ್ಲ ನಡೆಯುವುದು ಹಾಗೆ — ಸಹಿ ಒಣಗಿದ ಮೇಲೆ ಮೇಜರ್ ನಕ್ಕ, ನಮ್ ಕಡೆ ಗೋಡೆ ಮಧ್ಯಕ್ಕೇ ಗೆರೆ ಹಾಕೋದಪ್ಪ, ನೀವು ಇಡೀ ಗೋಡೆನೇ ನಮಗೆ ಬಿಟ್ಟುಕೊಟ್ರಿ. ಗೋಡೆಯ ದಪ್ಪ ಮೂರಡಿ, ಬುಡದಿಂದ ಬಾವಿಗೆ ಏಳಡಿ. ಮಧ್ಯಕ್ಕೆ ಎಳೆದಿದ್ದರೆ ರಸ್ತೆ ಒಂದೂವರೆ ಅಡಿ ಮೇಲಕ್ಕೆ ಸರಿಯುತ್ತಿತ್ತು, ಬಾವಿ ಉಳಿಯುತ್ತಿತ್ತು. ಎಂಜಿನಿಯರ್ ಹತ್ತಿರ ಹೋದೆ, ಸರ್, ಗೆರೆ ತಪ್ಪಾಗಿದೆ ಎಂದೆ, ಈಗ ಬಾಯಿ ಬಿಟ್ರೆ ಇನ್ನೂ ಮೂರು ವರ್ಷ ಕಿತ್ತಾಡ್ತಾರೆ, ಮೊದಲು ಹೋಗೋದು ನಿನ್ನ ಕೆಲಸ, ಸುಮ್ನಿರು ಎಂದರು, ಸುಮ್ಮನಿದ್ದೆ.

ಈಗಲೂ ಸುಮ್ಮನಿದ್ದೇನೆ, ಕೂಲಿಯವರು ಬಾವಿಯ ಪಕ್ಕ ಕಲ್ಲು ಇಳಿಸುತ್ತಿದ್ದಾರೆ, ಎಂಜಿನಿಯರ್ ಅಕ್ಕನಿಗೆ ಸಮಾಧಾನ ಹೇಳುತ್ತಿದ್ದಾರೆ, ಪರಿಹಾರ ಬರುತ್ತಮ್ಮ, ಸರ್ಕಾರ ಕೈಬಿಡಲ್ಲ, ಪರಿಹಾರಾನ ಸೇದಿ ಟೊಮೇಟೊಗೆ ಹಾಕ್ಲಾ ಸ್ವಾಮಿ ಎನ್ನುತ್ತಾಳೆ ಅವಳು, ಕೂಲಿಯವರು ಕಿಸಕ್ಕೆಂದರು, ನಮ್ಮ ಭಾಷೆ ತಿಳಿಯದಿದ್ದರೂ ಮೇಜರ್ ಕೂಡ ನಕ್ಕ. ನನ್ನ ಕಡೆ ತಿರುಗಿದಳು, ವಿಸ್ತಿನ್, ಈ ಗೆರೆ ಹಾಕಿದ್ದು ಯಾರೋ ಎಂದಳು, ಮೇಜರ್ ಕಡೆ ನೋಡಿದೆ, ಅಷ್ಟೇ, ನಾಲಿಗೆಯಿಂದ ಸುಳ್ಳು ಹೇಳಲಿಲ್ಲ, ಕಣ್ಣಿನಿಂದ ಹೇಳಿದೆ. ಗೊತ್ತಿತ್ತು ಬಿಡು, ಮಡೊನ್ನಾ ಮಾತೆ ನೋಡ್ಕೊಳ್ತಾಳೆ ಅವನನ್ನ ಎಂದಳು ಅಕ್ಕ. ಕೊನೆಯ ಕೊಡ ಸೇದಿದಳು, ಮೊದಲು ನನಗೆ, ಕುಡಿಯೋ, ಬಿಸಿಲಲ್ಲಿ ಬಾಡಿ ಹೋಗಿದ್ದೀಯ, ಇಂಥವರ ಕೈಕೆಳಗೆ ಹೆಂಗಿರ್ತೀಯೋ ನೀನು. ಕುಡಿದೆ, ತಣ್ಣಗಿತ್ತು, ನಾಚಿಕೆಯಾಯಿತು, ಆದರೂ ಪೂರ್ತಿ ಕುಡಿದೆ. ಬಾವಿಯೊಳಗೆ ಕಲ್ಲು ಬೀಳತೊಡಗಿತು, ಅವಳು ಅತ್ತ ನೋಡಲಿಲ್ಲ, ಹಗ್ಗ ಬಿಚ್ಚಿಕೊಂಡು ಸುತ್ತುತ್ತಿದ್ದಾಳೆ, ಹೆಬ್ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಹೆಬ್ಬೆರಳಿಗೆ, ಒಂದು ಎಳೆಯೂ ಸಿಕ್ಕಾಗದಂತೆ, ಹೇಳಲೇ, ಅಕ್ಕಾ, ಎನ್ನಲೇ — ಒದ್ದೆ ಹಗ್ಗ, ಮೊಣಕೈ, ಹೆಬ್ಬೆರಳು, ಇನ್ನು ಬಾವಿಯಿಲ್ಲ, ಹಗ್ಗ ಸುತ್ತುತ್ತಿದ್ದಾಳೆ, ಸುತ್ತುತ್ತಲೇ ಇದ್ದಾಳೆ