ಬಿಜ್ಜರಗಿ ಕಡೆಯ ಹಳಿ

ನಮ್ಮವ್ವನ ಅಣ್ಣ ಗುರಲಿಂಗಪ್ಪ ಮಾಮಾ ರೈಲ್ವೆಯ ಸಿಗ್ನಲ್ ಕೆಲಸದಿಂದ ನಿವೃತ್ತರಾದ ಮೇಲೆ ಮಾಳಿಗೆಯ ಕೋಣೆಯಲ್ಲಿ ಪ್ಲೈವುಡ್ ಹಾಸಿ ಪುಟ್ಟ ಮಾದರಿ ರೈಲುಹಾದಿ ಕಟ್ಟಿದ್ದರು. ವಿಜಯಪುರದಿಂದ ತಿಕೋಟಾದವರೆಗೆ. ನಿಜವಾದ ರೈಲು ಆ ಕಡೆ ಹೋಗುವುದಿಲ್ಲ. ಈ ವರ್ಷ ಅದನ್ನು ತಮ್ಮ ಹೆಂಡತಿ ಲಕ್ಕವ್ವ ಅತ್ತಿಯ ತವರೂರು ಬಿಜ್ಜರಗಿಯವರೆಗೆ ಬೆಳೆಸಿದರು. ಹಲಗೆಯ ಅಡಿಯ ವೈರಿಂಗ್ ನನ್ನದು. "ನಮ್ಮ ಅಳಿಯ ಎಲೆಕ್ಟ್ರಾನಿಕ್ಸ್ ಬಿ.ಎಸ್ಸಿ. ಮಾಡ್ಯಾನ" ಎಂದು ಓಣಿಗೆಲ್ಲ ಹೇಳಿಕೊಂಡಿದ್ದರು.

ದಸರೆಯ ಖಂಡೇಪೂಜೆಯ ದಿನ ಮೊದಲ ಓಟ. ಹೊಲಿಗೆ ಮಷೀನು, ಈಳಿಗೆ, ನನ್ನ ಬೈಕು ಎಲ್ಲದರ ಪೂಜೆ ಮುಗಿಸಿದ ಅತ್ತಿ ಹೊಸ ಹಳಿಗೂ ಕುಂಕುಮ ಹಚ್ಚಿ, ಕಾಯಿ ಒಡೆದು ನೀರು ಚಿಮುಕಿಸಿದಳು. ರೈಲು ತಿಕೋಟಾ ದಾಟಿ ಹೊಸ ಹಳಿಯ ಜೋಡಣೆ ತುಳಿದದ್ದೇ ನಿಂತಿತು. ಕಂಟ್ರೋಲರಿನ ಕೆಂಪು ದೀಪ ಹತ್ತಿತು.

"ಶಾರ್ಟ್ ಆತು! ಹಳಿ ಮ್ಯಾಲ ಯಾರರ ಕಾಯಿ ನೀರ ಹಾಕ್ತಾರೇನ?" ಮಾಮಾ ರೇಗಿದರು.

"ಮಷೀನಿಗಿ ಹಾಕೂದಿಲ್ಲೇನ್ರಿ? ಅದೂ ಕಬ್ಬಿಣ, ಇದೂ ಕಬ್ಬಿಣ."

"ನಿನ್ನ ಕೈ ಹತ್ತಿದ್ದು ಯಾವುದು ಫಲ ಕೊಟ್ಟೈತಿ?"

ಅವರಿಗೆ ಮಕ್ಕಳಿಲ್ಲ. ಅತ್ತಿ ಆರತಿ ತಟ್ಟೆ ಎತ್ತಿಕೊಂಡು ಇಳಿದುಹೋದಳು.

ಸಂಜೆ ಬ್ಯಾಟರಿ ದೀಪ ಹಿಡಿದು ಹಲಗೆಯ ಅಡಿ ಮಲಗಿದೆ. ನೋಡಿದ ಕೂಡಲೇ ತಿಳಿಯಿತು. ಹೊಸ ತುಂಡಿನಲ್ಲಿ ಎಡಹಳಿಯ ಕೆಂಪು ವೈರು ಬಲಹಳಿಗೆ, ಬಲದ ಕರಿ ವೈರು ಎಡಕ್ಕೆ. ಅಂಗಾತ ಮಲಗಿ ತಿರುಪು ಬಿಗಿಯುವಾಗ ನನಗೆ ಎಡಬಲ ಅದಲುಬದಲಾಗಿತ್ತು. ಇಂಜಿನ್ನಿನ ಗಾಲಿ ಜೋಡಣೆ ದಾಟುವಾಗ ಎರಡು ವೈರೂ ಒಂದಕ್ಕೊಂದು ಕೂಡುತ್ತಿದ್ದವು.

"ಸಿಕ್ತೇನಪಾ?" ಮೇಲಿನಿಂದ ಮಾಮಾ.

"ಇಲ್ಲರಿ."

ಏಕೆ ಹಾಗೆಂದೆನೋ. ಮೂರು ದಿನ ಮಾಮಾನೊಂದಿಗೆ ಕೂತು, ಹತ್ತಿಗೆ ಸ್ಪಿರಿಟ್ ಹಚ್ಚಿ ಹಳಿ ಒರೆಸಿದೆ. ಅತ್ತಿ ಮಾಳಿಗೆ ಹತ್ತಲಿಲ್ಲ. ಊಟಕ್ಕೆ ಕೆಳಗಿನಿಂದಲೇ ಕರೆಯುತ್ತಿದ್ದಳು.

ನಾಲ್ಕನೇ ದಿನ ಮಾಮಾ ಸಂತೆಗೆ ಹೋದಾಗ ವೈರು ಸರಿಪಡಿಸಿದೆ. ಅವರು ಬಂದು ಬಿಟ್ಟ ರೈಲು ಜೋಡಣೆ ದಾಟಿ ಬಿಜ್ಜರಗಿ ಮುಟ್ಟಿತು. ಯಾರಿಗೂ ನೋವಾಗದಂತೆ ಎಲ್ಲ ಮುಗಿಯಿತೆಂದುಕೊಂಡೆ.

"ಒಣಗ್ತು ನೋಡು! ನಾ ಹೇಳಿಲ್ಲೇನ?" ಮಾಮಾ ಮೆಟ್ಟಿಲ ಬಳಿ ಹೋಗಿ ಕೂಗಿದರು. "ಇನ್ನೊಮ್ಮಿ ಈ ಕಡಿ ಕಾಯಿ ತರಬ್ಯಾಡ!"

"ಆತ್ರಿ" ಎಂದಳು ಅತ್ತಿ.

ನಾನು ಸರಿಪಡಿಸಿದ್ದೇ ಅವಳ ತಪ್ಪಿಗೆ ಸಾಕ್ಷಿಯಾಗಿತ್ತು.

"ಅತ್ತಿ, ಒಂದೀಟ ಮ್ಯಾಲ ಬಾ."

ಅವಳು ಹೊಸ್ತಿಲ ತನಕ ಬಂದಳು. ನಾನು ಹಲಗೆಯ ಅಡಿ ನುಗ್ಗಿ ಎರಡೂ ವೈರು ಬಿಚ್ಚಿ ಮೊದಲಿನ ಹಾಗೆ ತಪ್ಪಾಗಿ ಬಿಗಿದೆ. "ಮಾಮಾ, ಈಗ ಬಿಡ್ರಿ." ರೈಲು ಜೋಡಣೆಯಲ್ಲಿ ನಿಂತಿತು. ಕೆಂಪು ದೀಪ. ಮತ್ತೆ ಬದಲಿಸಿದೆ. ಓಡಿತು.

"ಕಾಯಿ ನೀರಲ್ಲರಿ. ನಾನು ಮಾಡಿದ್ದು."

ಮಾಮಾ ಕಂಟ್ರೋಲರಿನಿಂದ ಕೈ ತೆಗೆಯಲಿಲ್ಲ. ಅತ್ತಿ ನನ್ನನ್ನೇ ನೋಡಿದಳು.

"ನಿನಗ ಯಾವಾಗ ಗೊತ್ತಾತು?"

"ಅವತ್ತ ಸಂಜೀಕ."

"ಮತ್ತ ನಾಕ ದಿನ ನನ್ನ ಎದುರಿಗಿ ಕುಂತ ರೊಟ್ಟಿ ತಿಂದಿ."

"ಏ, ಕೇಳಿಲ್ಲಿ…" ಎಂದರು ಮಾಮಾ, ತಲೆ ಎತ್ತದೆ.

"ನೀವ ಅವತ್ತ ಅಂದಿದ್ದು ವೈರಿನ ಮಾತಲ್ಲರಿ" ಎಂದಳು ಅತ್ತಿ, ಮೆಟ್ಟಿಲು ಇಳಿಯುತ್ತ.

ರೈಲು ಬಿಜ್ಜರಗಿಯ ಕೊನೆಯ ತಡೆಗೆ ತಾಗಿ, ನಿಂತಲ್ಲೇ ಗಾಲಿ ತಿರುಗಿಸುತ್ತಿತ್ತು. ಅದನ್ನು ನಿಲ್ಲಿಸುವುದು ನಮ್ಮಿಬ್ಬರಿಗೂ ನೆನಪಾಗಲಿಲ್ಲ.