ತಿರುಗಿ ಕೂತ ಟ್ರಾನ್ಸಿಸ್ಟರ್

ಹತ್ತೊಂಬತ್ತು ವರ್ಷಗಳಿಂದ ನಾನು ತರಬೇತಿ ಸಂಸ್ಥೆಯೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದೇನೆ. ಇಷ್ಟರಲ್ಲಿ ಸೀಮೆಸುಣ್ಣದಿಂದ ನಾನು ಬರೆದ ಟ್ರಾನ್ಸಿಸ್ಟರ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ಊರು ದಾಟೀತು. ಕೈಯಾರೆ ಬೆಸುಗೆ ಹಾಕಿದ್ದು ಎಷ್ಟು ಎಂದು ಯಾರೂ ಕೇಳಿರಲಿಲ್ಲ, ನಾನಾಗಿ ಬಾಯಿ ಬಿಟ್ಟಿರಲೂ ಇಲ್ಲ. ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು 'ಬೋರ್ಡ್ ಮೇಷ್ಟ್ರು' ಎನ್ನುತ್ತಾರೆ. ಅದು ಹೊಗಳಿಕೆ ಎಂದೇ ಬಹಳ ದಿನ ನಂಬಿದ್ದೆ.

ನನ್ನ ಬಂಡವಾಳ ಬಯಲಾದದ್ದು ಅಪ್ಪನಿಂದ. ಅಪ್ಪ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಈಗ ಅವರಿಗೆ ಮರೆವು. ಮಧ್ಯಾಹ್ನ ಮಲಗಿದವರು ಸದ್ದಿಲ್ಲದೆ ಎದ್ದು, ಎಂದೋ ಮುಚ್ಚಿಹೋದ ಅಂಗಡಿಯ ಬಾಗಿಲು ತೆರೆಯಲು ಹೊರಟುಬಿಡುತ್ತಾರೆ. ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುವ ನನ್ನ ಹೆಂಡತಿಗೆ ಮೆಷಿನ್ ಸದ್ದಿನಲ್ಲಿ ಅದು ತಿಳಿಯುವುದೇ ಇಲ್ಲ. ಕಳೆದ ವಾರ ಅವರು ಸಿಕ್ಕಿದ್ದು ನಡುರಸ್ತೆಯಲ್ಲಿ, ಎರಡು ಬಸ್ಸುಗಳ ನಡುವೆ. ಮರುದಿನ ಹೆಂಡತಿ ಒಂದು ಬೀಗ ತಂದು ಮೇಜಿನ ಮೇಲಿಟ್ಟಳು.

"ನನಗೂ ಇಷ್ಟ ಇಲ್ಲ ರೀ," ಎಂದಳು. ಕಣ್ಣು ಕೆಂಪಾಗಿತ್ತು. "ಆದ್ರೆ ಇನ್ನೊಂದು ಸಲ ಹಾಗಾದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ಸೋಮವಾರದಿಂದ ಮಾವನ ಕೋಣೆಗೆ ಹೊರಗಿಂದ ಬೀಗ ಹಾಕೋದೇ."

ಅಪ್ಪನನ್ನು ಕೂಡಿಹಾಕುವುದನ್ನು ನೆನೆದೇ ನನಗೆ ಸಂಕಟವಾಯಿತು. "ಬೀಗ ಯಾಕೆ? ಅವರು ಎದ್ದ ತಕ್ಷಣ ಬಜರ್ ಕೂಗೋ ಹಾಗೆ ಮಾಡ್ತೀನಿ. ಒಂದು ಟ್ರಾನ್ಸಿಸ್ಟರ್ ಸಾಕು. ಅರ್ಧ ಗಂಟೆ ಕೆಲಸ," ಎಂದು ಕೊಚ್ಚಿಕೊಂಡೆ.

ಹಾಸಿಗೆಯ ಕೆಳಗೆ ಹಾಸುವ ಸೆನ್ಸರ್ ಚಾಪೆ ತಂದೆ. ಮೈಭಾರ ಬಿದ್ದರೆ ಅದು ಮೂರು ವೋಲ್ಟ್ ಕೊಡುತ್ತದೆ, ಎದ್ದರೆ ಸೊನ್ನೆ. ನನಗೆ ಬೇಕಾದದ್ದು ತದ್ವಿರುದ್ಧ: ಮಲಗಿದ್ದಾಗ ಬಜರ್ ಸುಮ್ಮನಿರಬೇಕು, ಎದ್ದಾಗ ಕೂಗಬೇಕು. ಇಂಥ ಕೆಲಸಕ್ಕೆ ಟ್ರಾನ್ಸಿಸ್ಟರ್ ಎಂಬ ಮೂರು ಕಾಲಿನ ಪುಟ್ಟ ಬಿಡಿಭಾಗ ಹೇಳಿ ಮಾಡಿಸಿದ್ದು. ಚಾಪೆಯಿಂದ ವೋಲ್ಟೇಜ್ ಬಂದಾಗ ಅದು ಬಜರ್‌ಗೆ ಹೋಗುವ ಕರೆಂಟನ್ನು ತಾನೇ ನುಂಗಿಬಿಡುತ್ತದೆ, ಬಾರದಿದ್ದಾಗ ಬಿಟ್ಟುಕೊಡುತ್ತದೆ. ಈ ಪಾಠವನ್ನು ನಾನು ನಿದ್ದೆಯಲ್ಲೂ ಮಾಡಬಲ್ಲೆ. ನನ್ನ ವಿದ್ಯಾರ್ಥಿಗಳು ಕೇಳುವುದೂ ನಿದ್ದೆಯಲ್ಲೇ.

ಅರ್ಧ ಗಂಟೆ ಎಂದದ್ದು ಎರಡು ದಿನವಾಯಿತು. ಭಾನುವಾರ ಮಧ್ಯಾಹ್ನ, ಎರಡು ಬೆರಳು ಸುಟ್ಟುಕೊಂಡು, ಮೇಜುಬಟ್ಟೆಗೆ ಒಂದು ತೂತು ಮಾಡಿ, ಸರ್ಕ್ಯೂಟ್ ಮುಗಿಸಿದೆ. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಅವರ ಮಂಚದ ಮೇಲೆ ನಾನೇ ಮಲಗಿ ನೋಡಿದೆ. ಬಜರ್ ಕೂಗಿತು. ಎದ್ದೆ. ಆಗಲೂ ಕೂಗಿತು. ಮಲಗಿದಾಗ ಮಾತ್ರ ದನಿ ಒಂದಿಷ್ಟು ತಗ್ಗುತ್ತಿತ್ತು, ಮೇಷ್ಟ್ರೆಂಬ ಮರ್ಯಾದೆಗೆ ಇರಬೇಕು. ತಂತಿ ಬದಲಿಸಿದೆ, ಬ್ಯಾಟರಿ ಬದಲಿಸಿದೆ, ಕೊನೆಗೆ ಬೈದೂ ನೋಡಿದೆ. ಮತ್ತೆ ಮಲಗಿದೆ, ಮತ್ತೆ ಎದ್ದೆ. ಬಾಗಿಲಲ್ಲಿ ನಿಂತು ಈ ಕಸರತ್ತನ್ನೆಲ್ಲ ನೋಡುತ್ತಿದ್ದ ಹೆಂಡತಿ ಹೋಗಿ ಬೀಗ ಕೈಗೆತ್ತಿಕೊಂಡು ಬಂದಳು.

"ದನಿ ಸ್ವಲ್ಪ ಇಳೀತಿದೆಯಲ್ಲ," ಎಂದರು ಕುರ್ಚಿಯಿಂದ ಅಪ್ಪ. "ಸತ್ತಿಲ್ಲ. ತಿರುಗಿ ಕೂತಿದ್ದಾನೆ."

"ಯಾರಪ್ಪಾ?"

"ಮೂರು ಕಾಲಿನವನು. ತನ್ನಿ ಇಲ್ಲಿ."

ತಿಂಗಳಿಂದ ಅಪ್ಪನಿಗೆ ನಾನು ಗಿರಾಕಿ. ಕಂಡಾಗಲೆಲ್ಲ "ನಿಮ್ಮ ರೇಡಿಯೋ ನಾಳೆ ಆಗುತ್ತೆ" ಎಂದು ಸಮಾಧಾನ ಹೇಳುತ್ತಾರೆ. ಈಗ ಸರ್ಕ್ಯೂಟ್ ಕೈಗೆ ತೆಗೆದುಕೊಂಡು, ಕಣ್ಣು ಬೇರೆಲ್ಲೋ ಇಟ್ಟು, ಹೆಬ್ಬೆರಳಿನ ಉಗುರಿನಿಂದ ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ತಡವಿದರು. ನಾನು ಬೋರ್ಡಿನಲ್ಲಿ ಬರೆಯುವ ಚಿತ್ರಕ್ಕೆ ಮುಖವೂ ಇಲ್ಲ, ಬೆನ್ನೂ ಇಲ್ಲ. ನಿಜವಾದ ಟ್ರಾನ್ಸಿಸ್ಟರಿನ ಮುಖ ಆ ಕಡೆಯಾದರೆ ಅದರ ಎಡಗಾಲಿನ ಜಾಗಕ್ಕೆ ಬಲಗಾಲು ಬರುತ್ತದೆ ಎಂಬುದು ಈ ಮಹಾಪಂಡಿತನಿಗೆ ಹೊಳೆದೇ ಇರಲಿಲ್ಲ. ಅಪ್ಪ ಬಿಚ್ಚಿದರು, ತಿರುಗಿಸಿದರು, ಬೆಸುಗೆ ಹಾಕಿದರು. ಐದು ನಿಮಿಷವೂ ಆಗಲಿಲ್ಲ.

ಈ ಸಲ ನಾನು ಮಲಗಿದಾಗ ಬಜರ್ ಸುಮ್ಮನಾಯಿತು, ಎದ್ದಾಗ ಕಿರುಚಿತು. ಸ್ವಿಚ್ ಆರಿಸಿದೆ. ಖುಷಿಗೆ ನನಗೆ ಅಳು ಬಂತು. ನಾಚಿಕೆಯೂ ಅದರಲ್ಲಿ ಸೇರಿತ್ತು.

"ಇದು ಯಾತಕ್ಕೆ?" ಎಂದರು ಅಪ್ಪ.

"ನಮ್ಮನೇಲಿ ಒಬ್ಬರು ಹೇಳದೆ ಎದ್ದು ಹೋಗ್ಬಿಡ್ತಾರೆ. ಅದಕ್ಕೆ."

"ಅಯ್ಯೋ ಪಾಪ. ಇದನ್ನ ಇಡ್ತಿರೋದು ಅವರಿಗೆ ಗೊತ್ತಾ?"

ಇಲ್ಲ ಎಂದು ತಲೆಯಾಡಿಸಿದೆ.

"ತಪ್ಪು. ಹೇಳ್ಬೇಕು ಅವರಿಗೆ."

"ಅದು ನೀವೇ ಅಪ್ಪಾ."

ಅಪ್ಪ ಬಜರನ್ನು ನೋಡಿದರು. ಬೀಗ ಹಿಡಿದು ನಿಂತಿದ್ದ ಸೊಸೆಯನ್ನು ನೋಡಿದರು. ಆಮೇಲೆ ಮೆಲ್ಲಗೆ ಎದ್ದು ಹೋಗಿ ಮಂಚದ ಮೇಲೆ ಮಲಗಿಕೊಂಡರು. ನಾನು ಸ್ವಿಚ್ ಹಾಕಿದೆ.

"ಹೋಗಮ್ಮ, ನೀನು ಮೆಷಿನ್ ಓಡಿಸು," ಎಂದರು.

ಅವಳು ಹೋದಳು. ಪಕ್ಕದ ಕೋಣೆಯಲ್ಲಿ ಮೆಷಿನ್ ಸದ್ದು ಶುರುವಾಗುವವರೆಗೂ ಕಾದು, ಅಪ್ಪ ಮಂಚದಿಂದಿಳಿದು ನಿಂತರು. ಬಜರ್ ಕೂಗಿತು. ಮೆಷಿನ್ ನಿಂತಿತು. ಹೆಂಡತಿ ಓಡಿ ಬಂದಳು. ಕೈಯಲ್ಲಿ ಬೀಗವಿರಲಿಲ್ಲ, ಅರ್ಧ ಹೊಲಿದ ಅಂಗಿಯ ತೋಳಿತ್ತು.

"ಎಲ್ಲಿಗೆ ಹೊರಟ್ರಿ ಮಾವ?"

"ಎಲ್ಲೂ ಇಲ್ಲಮ್ಮ. ನಿನಗೆ ಕೇಳಿಸುತ್ತಾ ಅಂತ ನೋಡ್ದೆ."

ಆಮೇಲೆ ನನ್ನ ಕಡೆ ತಿರುಗಿ, ಬಹಳ ಸಂಕೋಚದಿಂದ, "ನಿಮ್ಮ ರೇಡಿಯೋ ಮಾತ್ರ ನಾಳೆ," ಎಂದರು.